ಅಪ್ಪನಿಗೆ 70 ತುಂಬಿತು, ಅಮ್ಮನಿಗೆ 66: ಸರ್ಕಾರದ ಯಾವ ಆರೋಗ್ಯ ಯೋಜನೆ ಯಾರಿಗೆ?

ಹೇಮಾವತಿ ದಂಡೆ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಪೂರ್ತಿ ಓದಿ ಪ್ಲೀಸ್.

ಈ ಜನವರಿ 1ಕ್ಕೆ ನಮ್ಮ ಅಪ್ಪನಿಗೆ 70 ತುಂಬಿತು. ನಿಜವಾಗಿ ಹುಟ್ಟಿದ ದಿನ ಯಾರಿಗೂ ಗೊತ್ತಿಲ್ಲ. ಆಧಾರ್‌ನಲ್ಲಿ 01-01-1956 ಅಂತ ಇದೆ, ಅದೇ ನಮ್ಮ ಲೆಕ್ಕ. ಅಮ್ಮನಿಗೆ ಆಧಾರ್ ಪ್ರಕಾರ 66. ಇಬ್ಬರೂ ಹಾಸನದ ಹತ್ತಿರ ಹಳ್ಳಿಯಲ್ಲಿದ್ದಾರೆ, ನಾನು ಬೆಂಗಳೂರಿನಲ್ಲಿ. ಅಪ್ಪ ಮೊದಲು ಒಂದು ಬಟ್ಟೆ ಮಿಲ್‌ನಲ್ಲಿದ್ದರು. 58ಕ್ಕೆ ರಿಟೈರ್ ಆಗಿ ಊರು ಸೇರಿದರು. ರೇಷನ್ ಕಾರ್ಡ್‌ನಲ್ಲಿ ಇಬ್ಬರ ಹೆಸರೂ ಅಣ್ಣನ ಜೊತೆ ಇದೆ, ಅದು ಎಪಿಎಲ್.

ಹೋದ ತಿಂಗಳು ಒಂದು ರಾತ್ರಿ ಅಪ್ಪನಿಗೆ ಎದೆ ಹಿಡಿದ ಹಾಗಾಯಿತು. ಅಣ್ಣ ಕರೆದುಕೊಂಡು ಹೋದ. ಇಸಿಜಿ ಮಾಡಿ ಗ್ಯಾಸ್ಟ್ರಿಕ್ ಅಂದರು, ದೇವರು ದೊಡ್ಡವನು. ಆದರೆ ಕೌಂಟರ್‌ನಲ್ಲಿದ್ದ ಹುಡುಗ ಮೊದಲು ಕೇಳಿದ್ದು "ಯಾವ ಸ್ಕೀಮ್?" ಅಂತ. ಅಣ್ಣ ಫೋನ್ ಮಾಡಿ ನನ್ನನ್ನು ಕೇಳಿದ. ನನಗೂ ಗೊತ್ತಿರಲಿಲ್ಲ. ಅಪ್ಪನ ಶರ್ಟ್ ಜೇಬಿನಲ್ಲಿ ಒಂದು ಪ್ಲಾಸ್ಟಿಕ್ ಕವರ್ ಇರುತ್ತದೆ. ಅದರಲ್ಲಿ ಆಧಾರ್, ವೋಟರ್ ಐಡಿ, ರೇಷನ್ ಕಾರ್ಡ್ ಜೆರಾಕ್ಸ್, ಇನ್ನೊಂದು ಮಾಸಿದ ಕಾರ್ಡ್, ಎಲ್ಲ ಇತ್ತು. ಯಾವುದನ್ನು ಕೊಡಬೇಕು ಅಂತ ರಾತ್ರಿ ಹನ್ನೊಂದೂವರೆಗೆ ನಾವಿಬ್ಬರೂ ಫೋನಿನಲ್ಲಿ ಒದ್ದಾಡಿದೆವು.

ಅವತ್ತು ನಿಜವಾಗಿಯೂ ಹಾರ್ಟ್ ಅಟ್ಯಾಕ್ ಆಗಿದ್ದರೆ ಏನು ಗತಿ? ಅದಕ್ಕೇ ಕೇಳುತ್ತಿದ್ದೇನೆ. 70 ಆದವರಿಗೆ 5 ಲಕ್ಷ ಅಂತಾರಲ್ಲ, ಅದು ಎಪಿಎಲ್‌ನವರಿಗೂ ಇದೆಯಾ? ಅಮ್ಮನಿಗೆ ಏನು ದಾರಿ? ಆರೋಗ್ಯ ಕರ್ನಾಟಕ ಬೇರೆ, ಆಯುಷ್ಮಾನ್ ಬೇರೆನಾ? ಬಲ್ಲವರು ತಿಳಿಸಿ.

ಸೀತಜ್ಜಿ ಮೊಮ್ಮಗ:

ಅಕ್ಕ, 70ರ ಕಾರ್ಡ್ ನಾನು ನಮ್ಮ ಅಜ್ಜಿಗೆ ಮಾಡಿಸಿದ್ದೇನೆ, ಹಾಗಾಗಿ ಅದನ್ನು ಹೇಳುತ್ತೇನೆ.

ಅದರ ಹೆಸರು ಆಯುಷ್ಮಾನ್ ವಯ ವಂದನಾ ಕಾರ್ಡ್. 2024ರ ಸೆಪ್ಟೆಂಬರ್ 11ಕ್ಕೆ ಕೇಂದ್ರ ಸಂಪುಟ ಒಪ್ಪಿತು, ಅಕ್ಟೋಬರ್ 29ಕ್ಕೆ ಶುರುವಾಯಿತು. 70 ತುಂಬಿದ ಯಾರು ಬೇಕಾದರೂ ಮಾಡಿಸಬಹುದು. ಎಪಿಎಲ್, ಬಿಪಿಎಲ್, ಆದಾಯ, ಜಮೀನು ಏನೂ ಕೇಳುವುದಿಲ್ಲ. ಬೇಕಾಗಿರುವುದು ಆಧಾರ್ ಒಂದೇ. ವಯಸ್ಸನ್ನೂ ಆಧಾರ್‌ನಲ್ಲಿ ಇದ್ದ ಹಾಗೇ ತೆಗೆದುಕೊಳ್ಳುತ್ತಾರೆ, ಹಾಗಾಗಿ ನಿಮ್ಮ ಅಪ್ಪ ಈಗ ಅರ್ಹರು. ಪ್ರೀಮಿಯಂ ಇಲ್ಲ. ಮೊದಲೇ ಇರುವ ಕಾಯಿಲೆ ಅಂತ ಕಾಯಿಸುವುದೂ ಇಲ್ಲ, ಶುಗರ್, ಬಿಪಿ, ಹಾರ್ಟ್ ಏನೇ ಇದ್ದರೂ ಮೊದಲ ದಿನದಿಂದಲೇ ಲೆಕ್ಕ.

ಒಂದು ವಿಷಯ ಜನ ತಪ್ಪು ತಿಳಿದುಕೊಳ್ಳುತ್ತಾರೆ. 5 ಲಕ್ಷ ತಲೆಗೆ ಅಲ್ಲ, ಕುಟುಂಬಕ್ಕೆ, ವರ್ಷಕ್ಕೆ. ಗಂಡ ಹೆಂಡತಿ ಇಬ್ಬರಿಗೂ 70 ಆಗಿದ್ದರೆ ಇಬ್ಬರೂ ಸೇರಿ 5 ಲಕ್ಷ. ಮನೆಯಲ್ಲಿ ಮೊದಲೇ ಆಯುಷ್ಮಾನ್ ಭಾರತ್‌ನ 5 ಲಕ್ಷ ಇದ್ದರೆ, 70 ದಾಟಿದವರಿಗೆ ಇದು ಅದರ ಮೇಲೆ ಇನ್ನೊಂದು 5 ಲಕ್ಷ. ಅದನ್ನು ಮನೆಯ ಚಿಕ್ಕವರು ಮುಟ್ಟುವ ಹಾಗಿಲ್ಲ. ನಿಮ್ಮ ಅಮ್ಮನಿಗೆ 66 ಅಂದರೆ ಈ ಕಾರ್ಡಿನಲ್ಲಿ ಅವರು ಬರುವುದಿಲ್ಲ.

ಮಾಡಿಸುವಾಗ ಆದ ಕಷ್ಟ ಹೇಳುತ್ತೇನೆ, ನಿಮಗೂ ಬರಬಹುದು. ಅಜ್ಜಿ ಜೀವನವಿಡೀ ಬೀಡಿ ಕಟ್ಟಿದವರು, ಬೆರಳಿನ ಗೆರೆ ಪೂರಾ ಸವೆದುಹೋಗಿದೆ. ಬೆರಳು ಇಟ್ಟರೆ ಮೆಷಿನ್ ಒಪ್ಪಲಿಲ್ಲ. ಎಣ್ಣೆ ಒರೆಸಿ, ಬಟ್ಟೆಯಿಂದ ಉಜ್ಜಿ, ಹತ್ತು ಬೆರಳೂ ಇಟ್ಟು ನೋಡಿದೆವು. ಆಧಾರ್‌ಗೆ ಕೊಟ್ಟಿದ್ದ ಮೊಬೈಲ್ ನಂಬರ್ ಯಾವತ್ತೋ ಸತ್ತಿತ್ತು, ಓಟಿಪಿ ಬರುವ ಹಾಗಿಲ್ಲ. ಕೊನೆಗೆ ನಾನೇ ಫೋನಿನಲ್ಲಿ ಆಯುಷ್ಮಾನ್ ಆಪ್ ಹಾಕಿದೆ, ಜೊತೆಗೆ ಆಧಾರ್ ಫೇಸ್ ಆರ್‌ಡಿ ಅಂತ ಇನ್ನೊಂದು ಆಪ್ ಬೇಕು. ಜಗಲಿಯ ಬೆಳಕಿಗೆ ಕೂರಿಸಿ ಮುಖ ತೋರಿಸಿ ಕಣ್ಣು ಮಿಟುಕಿಸಲು ಹೇಳಿದೆ. ಅಜ್ಜಿಗೆ ನಗು ತಡೆಯಲಾಗದೆ ಎರಡು ಸಲ ಫೇಲ್ ಆಯಿತು, ಮೂರನೇ ಸಲಕ್ಕೆ ಒಪ್ಪಿತು. ಹಾಗಾಗಿ ಬೆರಳು ಬರಲಿಲ್ಲ ಅಂತ ಯಾರಾದರೂ ವಾಪಸ್ ಕಳಿಸಿದರೆ ಸುಮ್ನೆ ಬರಬೇಡಿ, ಮುಖದಿಂದ ಆಗುತ್ತದೆ, ಕಣ್ಣಿನಿಂದಲೂ ಆಗುತ್ತದೆ.

ಬಯಲುಸೀಮೆ:

ಕಾರ್ಡ್ ಮಾಡಿಸಿ, ಬೇಡ ಅನ್ನುವುದಿಲ್ಲ. ಆದರೆ ಕಾರ್ಡ್ ಇದ್ದ ಮಾತ್ರಕ್ಕೆ ಕೆಲಸ ಆಯಿತು ಅಂದುಕೊಳ್ಳಬೇಡಿ.

2025ರ ಜನವರಿಯಲ್ಲಿ ನಮ್ಮ ದೊಡ್ಡಪ್ಪನನ್ನು ಬೆಂಗಳೂರಿನ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆವು. ಕೈಯಲ್ಲಿ ವಯ ವಂದನಾ ಕಾರ್ಡ್ ಇತ್ತು, ಲ್ಯಾಮಿನೇಷನ್ ಬೇರೆ ಮಾಡಿಸಿದ್ದರು ಪಾಪ. ಕೌಂಟರ್‌ನಲ್ಲಿ ನೋಡಿ, "ರಾಜ್ಯದಿಂದ ನಮಗೆ ಇನ್ನೂ ಆದೇಶ ಬಂದಿಲ್ಲ, ಈ ಕಾರ್ಡ್ ಇಲ್ಲಿ ನಡೆಯುವುದಿಲ್ಲ" ಅಂದರು. ದೊಡ್ಡಪ್ಪ ಏನೂ ಮಾತಾಡಲಿಲ್ಲ. ಕಾರ್ಡನ್ನು ಜೇಬಿಗೆ ಹಾಕಿಕೊಂಡು ಬೆಂಚಿನ ಮೇಲೆ ಕೂತರು. ಆ ಮುಖ ನನಗೆ ಇವತ್ತಿಗೂ ಮರೆಯಲು ಆಗುತ್ತಿಲ್ಲ. ಕೇಂದ್ರದವರು ಘೋಷಿಸಿದರು, ರಾಜ್ಯದವರು ದುಡ್ಡಿನ ಪಾಲು ಎಷ್ಟು ಅಂತ ಕೇಳಿದರು, ಮಧ್ಯದಲ್ಲಿ ಬೆಂಚಿನ ಮೇಲೆ ಕೂತವರು 73 ವರ್ಷದ ಮನುಷ್ಯ.

ಕೊನೆಗೆ ಅವರಿಗೆ ಆರೋಗ್ಯ ಕರ್ನಾಟಕದಲ್ಲೇ ಮಾಡಿಸಿದೆವು.

ವಾರ್ಡ್ ಸಿಸ್ಟರ್:

ಬಯಲುಸೀಮೆ ಅವರು ಹೇಳಿದ್ದು ನಿಜ. ಆಗ ಎಷ್ಟೋ ಜನ ಹಾಗೇ ವಾಪಸ್ ಹೋದರು. ನಾನು ತಾಲೂಕು ಆಸ್ಪತ್ರೆಯಲ್ಲಿ 29 ವರ್ಷ ಕೆಲಸ ಮಾಡಿ ರಿಟೈರ್ ಆದವಳು. ನನ್ನ ಕಡೆಯಿಂದ ಒಂದೇ ಮಾತು. ಯಾವ ಕಾರ್ಡ್ ಎಲ್ಲಿ ನಡೆಯುತ್ತದೆ ಅಂತ ಪಕ್ಕದ ಮನೆಯವರನ್ನು ಕೇಳಬೇಡಿ, ವಾಟ್ಸಾಪ್ ಮೆಸೇಜ್ ನಂಬಬೇಡಿ. ಯೋಜನೆಗೆ ಸೇರಿದ ಪ್ರತಿ ಆಸ್ಪತ್ರೆಯಲ್ಲೂ ಆರೋಗ್ಯ ಮಿತ್ರ ಅಂತ ಒಬ್ಬರು ಕೂತಿರುತ್ತಾರೆ. ಅಪ್ಪ ಚೆನ್ನಾಗಿರುವ ದಿನ, ಆಧಾರ್ ಮತ್ತು ರೇಷನ್ ಕಾರ್ಡ್ ಹಿಡಿದುಕೊಂಡು ಹೋಗಿ ಅವರನ್ನೇ ಕೇಳಿ. "ನಾಳೆ ಇವರಿಗೆ ಹಾರ್ಟ್ ತೊಂದರೆ ಬಂದರೆ ಇಲ್ಲಿ ಯಾವುದರಲ್ಲಿ ತೆಗೆದುಕೊಳ್ಳುತ್ತೀರಿ?" ಅಂತ ನೇರವಾಗಿ ಕೇಳಿ. ಕೇಳುವುದಕ್ಕೆ ಸಂಕೋಚ ಬೇಡಮ್ಮ.

ಈಗ ಆರೋಗ್ಯ ಕರ್ನಾಟಕದ ವಿಷಯ. ಆಯುಷ್ಮಾನ್ ಭಾರತ್ ದೇಶದಲ್ಲಿ 2018ರ ಸೆಪ್ಟೆಂಬರ್‌ನಲ್ಲಿ ಬಂತು. ನಮ್ಮಲ್ಲಿ ಆರೋಗ್ಯ ಕರ್ನಾಟಕ ಅದೇ ವರ್ಷದ ಮಾರ್ಚ್‌ನಲ್ಲೇ ಶುರುವಾಗಿತ್ತು. ಆಮೇಲೆ ಎರಡನ್ನೂ ಸೇರಿಸಿದರು. ನಡೆಸುವುದು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್. ಹಾಗಾಗಿ ನಮ್ಮ ರಾಜ್ಯದಲ್ಲಿ ಎರಡೂ ಒಂದೇ ಬಾಗಿಲು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಉಚಿತ. ಎಪಿಎಲ್ ಆದರೆ ಸರ್ಕಾರ ನಿಗದಿ ಮಾಡಿದ ಪ್ಯಾಕೇಜ್ ದರದಲ್ಲಿ 30% ಸರ್ಕಾರ ಕೊಡುತ್ತದೆ, ಉಳಿದದ್ದು ನಿಮ್ಮದು. ವರ್ಷಕ್ಕೆ ಕುಟುಂಬಕ್ಕೆ ಒಂದೂವರೆ ಲಕ್ಷ ಮಿತಿ. ಪ್ಯಾಕೇಜ್ 1 ಲಕ್ಷದ್ದಾದರೆ 30 ಸಾವಿರ ಅವರದು, 70 ಸಾವಿರ ನಿಮ್ಮದು. ಇದಕ್ಕೆ ವಯಸ್ಸಿನ ಮಿತಿ ಇಲ್ಲ, ನಿಮ್ಮ ಅಮ್ಮನೂ ಬರುತ್ತಾರೆ.

ಇನ್ನು ರೆಫರಲ್. ಜನ ಜಾಸ್ತಿ ಎಡವುವುದು ಇಲ್ಲೇ. ನೇರವಾಗಿ ಖಾಸಗಿ ಆಸ್ಪತ್ರೆಗೆ ಹೋಗಿ ಅಡ್ಮಿಟ್ ಆಗಿ, ಆಮೇಲೆ ಕಾರ್ಡ್ ತೋರಿಸಿದರೆ ಆಗುವುದಿಲ್ಲ. ಮೊದಲು ಸರ್ಕಾರಿ ಆಸ್ಪತ್ರೆಗೆ ತೋರಿಸಬೇಕು. ಆ ಚಿಕಿತ್ಸೆ ಅಲ್ಲಿ ಇಲ್ಲ ಅಂದರೆ ಅವರು ರೆಫರ್ ಮಾಡುತ್ತಾರೆ. ಆ ಲೆಟರ್ ಇದ್ದರೆ ಮಾತ್ರ ಯೋಜನೆಗೆ ಸೇರಿದ ಖಾಸಗಿ ಆಸ್ಪತ್ರೆ ತೆಗೆದುಕೊಳ್ಳುತ್ತದೆ. ಹಾರ್ಟ್ ಅಟ್ಯಾಕ್, ಅಪಘಾತದಂಥ ತುರ್ತು ಕೇಸ್‌ಗಳಿಗೆ ರೆಫರಲ್ ಬೇಡ. ಅಂಥವು 170ರ ಆಸುಪಾಸು ಪಟ್ಟಿಯಲ್ಲಿವೆ. ಆದರೆ ಅಲ್ಲೂ ಆಸ್ಪತ್ರೆ ಯೋಜನೆಗೆ ಸೇರಿದ್ದಾಗಿರಬೇಕು. ಮನೆಗೆ ಹತ್ತಿರ ಅಂತ ಯಾವುದೋ ನರ್ಸಿಂಗ್ ಹೋಮ್‌ಗೆ ನುಗ್ಗಿದರೆ ಪೂರ್ತಿ ಬಿಲ್ ನಿಮ್ಮ ತಲೆ ಮೇಲೆ.

ನನ್ನ ಡ್ಯೂಟಿಯಲ್ಲಿ ನೋಡಿದ್ದು ಹೇಳುತ್ತೇನೆ. ಮೂಳೆ ಮುರಿದ ಅಜ್ಜನನ್ನು ಮಗ ನೇರವಾಗಿ ದೊಡ್ಡ ಊರಿಗೆ ಕರೆದುಕೊಂಡು ಹೋದ. ಎರಡು ದಿನ ಬಿಟ್ಟು ನಮ್ಮ ಹತ್ತಿರ ಓಡಿ ಬಂದ, "ಸಿಸ್ಟರ್, ಒಂದು ಲೆಟರ್ ಕೊಡಿಸಿ" ಅಂತ. ರೋಗಿಯನ್ನು ನೋಡದೆ ಡಾಕ್ಟರ್ ಹೇಗೆ ಬರೆಯುತ್ತಾರೆ? ಆ ಹುಡುಗ ಗೇಟಿನ ಹತ್ತಿರ ನಿಂತು ಅತ್ತ. ಹೋಗುವ ದಾರಿಯಲ್ಲೇ ನಮ್ಮ ಆಸ್ಪತ್ರೆ ಇತ್ತು. ಅರ್ಧ ಗಂಟೆ ನಿಲ್ಲಿಸಿದ್ದರೆ ಸಾಕಿತ್ತು.

ಹೇಮಾವತಿ ದಂಡೆ:

ಸಿಸ್ಟರ್, ತುಂಬಾ ಥ್ಯಾಂಕ್ಸ್. ರೆಫರಲ್ ವಿಷಯ ನಮಗೆ ಗೊತ್ತೇ ಇರಲಿಲ್ಲ. ಅಣ್ಣನಿಗೆ ಇದನ್ನೇ ಫಾರ್ವರ್ಡ್ ಮಾಡಿದೆ.

ಇನ್ನೊಂದು ಪ್ರಶ್ನೆ. ಅಮ್ಮನ ನಿಜವಾದ ವಯಸ್ಸು 66ಕ್ಕಿಂತ ಜಾಸ್ತಿನೇ ಅಂತ ಸೋದರಮಾವ ಹೇಳುತ್ತಾರೆ. "ದೊಡ್ಡಕ್ಕ ಹುಟ್ಟಿ ಎರಡು ವರ್ಷಕ್ಕೆ ನಿಮ್ಮಮ್ಮ, ದೊಡ್ಡಕ್ಕನಿಗೆ ಈಗ 73" ಅಂತ ಲೆಕ್ಕ ಹಾಕಿದರು. ಆಧಾರ್‌ನಲ್ಲಿ ಹುಟ್ಟಿದ ದಿನ ಬದಲಾಯಿಸಿದರೆ ಅಮ್ಮನಿಗೂ ಆಗುತ್ತದಾ?

ಸೀತಜ್ಜಿ ಮೊಮ್ಮಗ:

ಅಕ್ಕ, ಆಧಾರ್‌ನಲ್ಲಿ ಹುಟ್ಟಿದ ದಿನ ಬದಲಾಯಿಸಲು ಸಾಮಾನ್ಯವಾಗಿ ಒಂದೇ ಸಲ ಅವಕಾಶ, ಅದಕ್ಕೂ ದಾಖಲೆ ಬೇಕು. ಯಾವ ದಾಖಲೆ ಒಪ್ಪುತ್ತಾರೆ ಅಂತ ಆಧಾರ್ ಕೇಂದ್ರದಲ್ಲೇ ಕೇಳಿ. ದಾಖಲೆ ಇಲ್ಲದೆ ಸೈಬರ್ ಸೆಂಟರ್‌ನವರು "ಮಾಡಿಕೊಡುತ್ತೇವೆ" ಅಂದರೆ ಒಪ್ಪಿಕೊಳ್ಳಬೇಡಿ. ಆಮೇಲೆ ಪೆನ್ಷನ್, ಬ್ಯಾಂಕ್, ರೇಷನ್ ಎಲ್ಲ ಕಡೆ ಬೇರೆ ಬೇರೆ ತಾರೀಕು ಬಂದು ಕೂತರೆ ವಯಸ್ಸಾದವರು ಕಚೇರಿಯಿಂದ ಕಚೇರಿಗೆ ಅಲೆಯಬೇಕಾಗುತ್ತದೆ.

ನಿವೃತ್ತ ಅಂಚೆಯಣ್ಣ:

ಕೇಂದ್ರ ಸರ್ಕಾರದಲ್ಲಿ ಇದ್ದು ರಿಟೈರ್ ಆದವರು ಇಲ್ಲಿ ಯಾರಾದರೂ ಇದ್ದರೆ ಈ ಮಾತು ಅವರಿಗೆ. ನಾನು ಅಂಚೆ ಇಲಾಖೆಯವನು, ಕೇಂದ್ರ ಸರ್ಕಾರಿ ನೌಕರರ ಆರೋಗ್ಯ ಯೋಜನೆ ಸಿಜಿಎಚ್‌ಎಸ್‌ನಲ್ಲಿದ್ದೇನೆ. ವಯ ವಂದನಾ ಬಂದಾಗ ಮಗಳು "ಅಪ್ಪಾ, ಅದೂ ಮಾಡಿಸಿ" ಅಂದಳು. ನಮಗೆ ಎರಡೂ ಆಗುವುದಿಲ್ಲ. ಸಿಜಿಎಚ್‌ಎಸ್, ಮಾಜಿ ಸೈನಿಕರ ಇಸಿಎಚ್‌ಎಸ್, ಇವುಗಳಲ್ಲಿ ಇರುವವರು ಇದನ್ನಾದರೂ ಇಟ್ಟುಕೊಳ್ಳಬೇಕು, ಅದನ್ನಾದರೂ ತೆಗೆದುಕೊಳ್ಳಬೇಕು. ಖಾಸಗಿ ಪಾಲಿಸಿ ಅಥವಾ ಕಾರ್ಖಾನೆ ನೌಕರರ ವಿಮೆ ಇಎಸ್‌ಐ ಇರುವವರಿಗೆ ಈ ಕಟ್ಟುಪಾಡು ಇಲ್ಲ, ಅವರು ಎರಡನ್ನೂ ಇಟ್ಟುಕೊಳ್ಳಬಹುದು.

ನಾನು ಸಿಜಿಎಚ್‌ಎಸ್ ಬಿಡಲಿಲ್ಲ. ಕಾರಣ ಸರಳ. ಆಯುಷ್ಮಾನ್‌ನಲ್ಲಿ ಅಡ್ಮಿಟ್ ಆದರೆ ಮಾತ್ರ ಖರ್ಚು ಸಿಗುತ್ತದೆ. ಅಡ್ಮಿಟ್ ಆಗುವ ಮೊದಲ 3 ದಿನ, ಡಿಸ್ಚಾರ್ಜ್ ಆದ ಮೇಲೆ 15 ದಿನದ ಔಷಧಿ, ಪರೀಕ್ಷೆ ಅದರಲ್ಲಿ ಸೇರುತ್ತದೆ, ಅಷ್ಟೇ. ನನ್ನ ವಯಸ್ಸಿನಲ್ಲಿ ಖರ್ಚು ಇರುವುದು ದಿನನಿತ್ಯದ ಮಾತ್ರೆಗೆ. ನನಗೆ ಮತ್ತು ಮನೆಯವಳಿಗೆ ಸೇರಿ ದಿನಕ್ಕೆ ಹನ್ನೊಂದು ಮಾತ್ರೆ. ಅದು ಸಿಜಿಎಚ್‌ಎಸ್‌ನ ವೆಲ್‌ನೆಸ್ ಸೆಂಟರ್‌ನಲ್ಲಿ ಸಿಗುತ್ತದೆ. ಅದನ್ನು ಬಿಟ್ಟು ಇನ್ನೊಂದಕ್ಕೆ ಹೋದರೆ ತಿಂಗಳು ತಿಂಗಳು ಮೆಡಿಕಲ್ ಶಾಪ್‌ಗೆ ಸುರಿಯಬೇಕು.

ರಿಟೈರ್ ಆಗುವಾಗ ಹತ್ತು ವರ್ಷದ ಕಂತನ್ನು ಒಟ್ಟಿಗೆ ಕಟ್ಟಿದರೆ ಜೀವನಪೂರ್ತಿ ಕಾರ್ಡ್ ಕೊಡುತ್ತಾರೆ. ತಿಂಗಳಿಗೆ 650 ಕಂತಿನ ದರ್ಜೆಯವರಿಗೆ ಅದು 78,000 ಆಗುತ್ತದೆ. ಆಗ ದೊಡ್ಡ ಮೊತ್ತ ಅನ್ನಿಸಿತ್ತು. ಈಗ ಆ ನಿರ್ಧಾರಕ್ಕೆ ಮನೆಯವಳು ದಿನಾ ದೇವರಿಗೆ ಕೈ ಮುಗಿಯುತ್ತಾಳೆ. ಸಿಜಿಎಚ್‌ಎಸ್ ಇಲ್ಲದ ಊರಲ್ಲಿ ಇರುವ ಪೆನ್ಷನ್‌ದಾರರು ಹೊರರೋಗಿ ಖರ್ಚಿಗೆ ಅಂತ ತಿಂಗಳಿಗೆ 1,000 ರೂಪಾಯಿ ವೈದ್ಯಕೀಯ ಭತ್ಯೆ ಕೇಳಬಹುದು. ಎಷ್ಟೋ ಜನ ಅರ್ಜಿಯನ್ನೇ ಹಾಕಿರುವುದಿಲ್ಲ.

ತುಂಗೆಯ ತೀರ:

ಮಾತ್ರೆ ವಿಷಯ ಬಂತಲ್ಲ, ಅದಕ್ಕೆ ವಿಮೆಯನ್ನು ಕಾಯಬೇಡಿ. ಬಿಪಿ, ಶುಗರ್ ಮಾತ್ರೆ ಸರ್ಕಾರಿ ಆಸ್ಪತ್ರೆಯ ಎನ್‌ಸಿಡಿ (ಅಂಟದ ಕಾಯಿಲೆಗಳ) ಕ್ಲಿನಿಕ್‌ನಲ್ಲಿ ಉಚಿತವಾಗಿ ಕೊಡುತ್ತಾರೆ. ಇಲ್ಲದ ಮಾತ್ರೆಗೆ ಜನೌಷಧಿ ಕೇಂದ್ರ ಇದೆ. ಬ್ರ್ಯಾಂಡಿನ ಹೆಸರು ಹೇಳಬೇಡಿ, ಚೀಟಿ ತೋರಿಸಿ ಒಳಗಿನ ಔಷಧಿಯ ಹೆಸರು ಕೇಳಿ. ನಮ್ಮ ಅತ್ತೆಯ ತಿಂಗಳ ಔಷಧಿ ಖರ್ಚು ಅರ್ಧಕ್ಕಿಂತ ಕೆಳಗೆ ಬಂದಿದೆ.

ಅಡಿಕೆ ತೋಟ:

ಹಳ್ಳಿಯಲ್ಲಿ ಇದ್ದಾರೆ ಅಂದಿರಿ. ನಿಮ್ಮ ಅಪ್ಪನೋ ಅಣ್ಣನೋ ಸೊಸೈಟಿ ಮೆಂಬರ್ ಆಗಿದ್ದಾರಾ? ಹಾಲಿನ ಡೇರಿ, ಕೃಷಿ ಪತ್ತಿನ ಸಹಕಾರ ಸಂಘ ಯಾವುದಾದರೂ ಸರಿ. ಆಗಿದ್ದರೆ ಯಶಸ್ವಿನಿ ನೋಡಿ. ಸಹಕಾರ ಸಂಘದ ಸದಸ್ಯರಿಗಾಗಿ 2003ರಲ್ಲಿ ಶುರುವಾದ ಆರೋಗ್ಯ ಯೋಜನೆ. ಮಧ್ಯದಲ್ಲಿ ಆರೋಗ್ಯ ಕರ್ನಾಟಕದೊಳಗೆ ಸೇರಿಸಿ ನಿಲ್ಲಿಸಿದ್ದರು, 2022ರ ಕೊನೆಗೆ ಮತ್ತೆ ತಂದರು. ಮತ್ತೆ ಶುರುವಾದಾಗ ಗ್ರಾಮೀಣರಿಗೆ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, ಮೇಲಿನ ಪ್ರತಿಯೊಬ್ಬರಿಗೆ 100. ಪಟ್ಟಣದವರಿಗೆ 1,000 ಮತ್ತು 200. ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷದವರೆಗೆ. ಎಪಿಎಲ್ ಆದ ರೈತರಿಗೆ ಇದು ದೊಡ್ಡ ಆಸರೆ, ಯಾಕೆಂದರೆ 30% ಲೆಕ್ಕ ಇಲ್ಲಿಲ್ಲ.

ನೋಂದಣಿ ವರ್ಷಪೂರ್ತಿ ಇರುವುದಿಲ್ಲ, ಕೆಲವು ತಿಂಗಳು ಮಾತ್ರ ತೆರೆಯುತ್ತಾರೆ. ನಮ್ಮ ಡೇರಿ ಸೆಕ್ರೆಟರಿ ಬೋರ್ಡಿನಲ್ಲಿ ಚಾಕ್‌ಪೀಸಿನಲ್ಲಿ ಬರೆದು ಹಾಕುತ್ತಾರೆ. ಅದನ್ನು ನೋಡದೆ ಒಂದು ವರ್ಷ ನಾವೇ ತಪ್ಪಿಸಿಕೊಂಡೆವು. ಅದೇ ವರ್ಷ ಅವ್ವನಿಗೆ ಗರ್ಭಕೋಶದ ಆಪರೇಷನ್ ಆಯಿತು. ಸಾಲ ತೀರಿಸಲು ಎರಡು ಕೊಯ್ಲು ಬೇಕಾಯಿತು. ಈಗ ಹಾಲು ಹಾಕಲು ಹೋದಾಗಲೆಲ್ಲ ಮೊದಲು ಬೋರ್ಡ್ ನೋಡುತ್ತೇನೆ.

ಬಯಲುಸೀಮೆ:

ಇಷ್ಟೆಲ್ಲ ಇರುವಾಗ ಪ್ರೈವೇಟ್ ಇನ್ಶುರೆನ್ಸ್ ಯಾಕೆ ಬೇಕು ಅಂತ ನನ್ನ ಅಭಿಪ್ರಾಯ. ವಯಸ್ಸಾದವರಿಗೆ ಪ್ರೀಮಿಯಂ ಸಿಕ್ಕಾಪಟ್ಟೆ. ಆ ದುಡ್ಡನ್ನು ಬ್ಯಾಂಕಿನಲ್ಲಿ ಹಾಕಿಟ್ಟರೆ ಆಗದಾ?

ನಿವೃತ್ತ ಅಂಚೆಯಣ್ಣ:

ಹೊಸದಾಗಿ ಮಾಡಿಸುವವರು ಹಾಗೆ ಯೋಚಿಸಬಹುದು. ಆದರೆ ಈಗಾಗಲೇ ಹತ್ತು ಹದಿನೈದು ವರ್ಷದಿಂದ ಪಾಲಿಸಿ ಕಟ್ಟಿಕೊಂಡು ಬಂದವರು ದಯವಿಟ್ಟು ನಿಲ್ಲಿಸಬೇಡಿ. ಒಂದು ಸಲ ಬಿಟ್ಟರೆ ಮತ್ತೆ ಮೊದಲಿನಿಂದ ಕಾಯಬೇಕು. ಮೊದಲೇ ಇರುವ ಕಾಯಿಲೆಗೆ ಕಾಯುವ ಅವಧಿ 2024ರ ಏಪ್ರಿಲ್‌ನಿಂದ ಗರಿಷ್ಠ 3 ವರ್ಷ ಅಂತ ವಿಮಾ ಕಂಪನಿಗಳನ್ನು ನಿಯಂತ್ರಿಸುವ ಐಆರ್‌ಡಿಎಐ ಮಾಡಿದೆ, ಮೊದಲು 4 ಇತ್ತು. 72ರ ವಯಸ್ಸಿನಲ್ಲಿ 3 ವರ್ಷವೂ ದೊಡ್ಡದೇ ಅಲ್ವಾ? ಹಿರಿಯರ ಪ್ರೀಮಿಯಂ ವರ್ಷಕ್ಕೆ 10%ಗಿಂತ ಜಾಸ್ತಿ ಏರಿಸುವ ಮೊದಲು ಕಂಪನಿಗಳು ಐಆರ್‌ಡಿಎಐಯನ್ನು ಕೇಳಬೇಕು ಅಂತ 2025ರ ಜನವರಿಯಲ್ಲಿ ಆದೇಶ ಬಂದಿದೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ಪಾಲಿಸಿಗೆ 18% ಜಿಎಸ್‌ಟಿಯೂ ಹೋಗಿದೆ. ರಿನ್ಯೂವಲ್ ನೋಟಿಸ್ ಬಂದರೆ ಹಳೆಯ ಮೊತ್ತ ಪಕ್ಕದಲ್ಲಿಟ್ಟು ನೋಡಿ.

ವಾರ್ಡ್ ಸಿಸ್ಟರ್:

ನಾನೂ ಅಂಚೆಯಣ್ಣನವರ ಮಾತಿಗೇ ಒಪ್ಪುತ್ತೇನೆ. ಸರ್ಕಾರದ ಪ್ಯಾಕೇಜ್ ಅಂದರೆ ಸಾಮಾನ್ಯ ವಾರ್ಡ್, ಸೇರಿದ ಆಸ್ಪತ್ರೆ, ಪಟ್ಟಿಯಲ್ಲಿರುವ ಚಿಕಿತ್ಸೆ. ಒಳ್ಳೆಯದೇ. ಆದರೆ ಮಧ್ಯರಾತ್ರಿ ಬೆಡ್ ಖಾಲಿ ಇಲ್ಲ ಅಂದರೆ ಇನ್ನೊಂದು ಬಾಗಿಲು ತೆರೆದಿರಬೇಕು. ತಾಕತ್ತು ಇದ್ದವರು ಹಳೇ ಪಾಲಿಸಿ ಉಳಿಸಿಕೊಳ್ಳಿ.

ಮತ್ತೆ ಒಂದು. ಪ್ಯಾಕೇಜ್‌ನಲ್ಲಿ ಬೆಡ್, ಊಟ, ಔಷಧಿ, ಪರೀಕ್ಷೆ, ಸ್ಟೆಂಟ್‌ನಂಥ ಸಾಮಾನು ಎಲ್ಲ ಸೇರಿರುತ್ತದೆ. ಬಿಪಿಎಲ್ ರೋಗಿಯ ಹತ್ತಿರ "ಇದು ಸ್ಕೀಮಿನಲ್ಲಿ ಬರುವುದಿಲ್ಲ, ಹೊರಗಿಂದ ತನ್ನಿ" ಅಂದರೆ ಸುಮ್ನೆ ದುಡ್ಡು ಕೊಡಬೇಡಿ. ಆರೋಗ್ಯ ಮಿತ್ರರನ್ನು ಕರೆಯಿರಿ. ಆಗದಿದ್ದರೆ 14555ಕ್ಕೆ ಫೋನ್ ಮಾಡಿ.

ಕರಾವಳಿ:

ಸಿಸ್ಟರ್ ಹೇಳಿದ್ದು ನಮ್ಮ ಮನೆಯಲ್ಲೇ ಆಗಿದೆ. ಮಾವನಿಗೆ ಸ್ಟೆಂಟ್ ಹಾಕುವ ದಿನ ಬೆಳಿಗ್ಗೆ 18,000 ಕಟ್ಟಿ ಅಂದರು, ಒಳ್ಳೆ ಸ್ಟೆಂಟ್ ಬೇಕಾದರೆ ಅಂತ. ನಾವು ಬಿಪಿಎಲ್. ಮಾವ ಒಳಗೆ ಮಲಗಿದ್ದಾರೆ, ಅಂಥ ಹೊತ್ತಿನಲ್ಲಿ ಯಾರಿಗೆ ಧೈರ್ಯ ಇರುತ್ತದೆ ಬೇಡ ಅನ್ನಲು? ನನ್ನ ಹೆಂಡತಿ ಮಾತ್ರ ಗಟ್ಟಿಯಾಗಿ ನಿಂತಳು. "ಬರೆದು ಕೊಡಿ, ಸ್ಕೀಮಿನಲ್ಲಿ ಇಲ್ಲ ಅಂತ ಸೀಲ್ ಹಾಕಿ ಕೊಡಿ, ಈಗಲೇ ಕಟ್ಟುತ್ತೇವೆ" ಅಂದಳು. ಯಾರೂ ಬರೆದು ಕೊಡಲಿಲ್ಲ. ಆರೋಗ್ಯ ಮಿತ್ರ ಬಂದು ಒಳಗೆ ಹೋಗಿ ಮಾತಾಡಿದರು, ಹತ್ತು ಗಂಟೆಗೆ ಸ್ಟೆಂಟ್ ಆಯಿತು. ಒಂದು ರೂಪಾಯಿ ಕೊಡಲಿಲ್ಲ.

ಬರೆದು ಕೊಡಿ ಅನ್ನುವ ಮಾತನ್ನು ನೆನಪಿಟ್ಟುಕೊಳ್ಳಿ.

ಪೀಣ್ಯ ಟರ್ನರ್:

ಮೇಡಂ, ಇಷ್ಟೊತ್ತು ಓದುತ್ತಾ ಬಂದೆ. ನಿಮ್ಮ ಅಪ್ಪ ಮಿಲ್‌ನಲ್ಲಿದ್ದರು ಅಂತ ಮೊದಲೇ ಬರೆದಿದ್ದೀರಿ, ಯಾರೂ ಅದನ್ನು ಹಿಡಿಯಲಿಲ್ಲ. ಸಂಬಳದಲ್ಲಿ ಇಎಸ್‌ಐ ಕಟ್ ಆಗುತ್ತಿತ್ತಾ?

ಆಗಿದ್ದರೆ ಈ ವಿಷಯ ಕೇಳಿ. ಇಎಸ್‌ಐನಲ್ಲಿ ಕಡಿಮೆ ಅಂದರೆ 5 ವರ್ಷ ಇದ್ದು, ವಯಸ್ಸಾಗಿ ರಿಟೈರ್ ಆದವರು ವರ್ಷಕ್ಕೆ 120 ರೂಪಾಯಿ ಕಟ್ಟಿದರೆ ಅವರಿಗೂ ಹೆಂಡತಿಗೂ ಇಎಸ್‌ಐ ವೈದ್ಯಕೀಯ ಸೌಲಭ್ಯ ಮುಂದುವರಿಯುತ್ತದೆ. ತಿಂಗಳಿಗೆ ಅಲ್ಲ, ವರ್ಷಕ್ಕೆ 120. ಹೆಂಡತಿಗೆ 70 ಆಗಿರಬೇಕು ಅಂತ ಏನೂ ಇಲ್ಲ. ಡಿಸ್ಪೆನ್ಸರಿಯಲ್ಲಿ ಹೊರರೋಗಿಯಾಗಿ ತೋರಿಸಬಹುದು, ಮಾತ್ರೆ ಸಿಗುತ್ತದೆ, ಅಡ್ಮಿಷನ್‌ಗೆ ಇಎಸ್‌ಐ ಆಸ್ಪತ್ರೆ. ನಾನು 2019ರಲ್ಲಿ ರಿಟೈರ್ ಆದೆ, ಪ್ರತಿ ವರ್ಷ ಕಟ್ಟುತ್ತಿದ್ದೇನೆ. ರಾಜಾಜಿನಗರದ ಆಸ್ಪತ್ರೆಗೆ ಹೋಗಿ ಬರುತ್ತೇವೆ. ಕ್ಯೂ ಇರುತ್ತದೆ, ಬೆಳಿಗ್ಗೆ ಬೇಗ ಹೋಗಬೇಕು. ಆದರೆ ನನ್ನ ಹೆಂಡತಿಯ ಥೈರಾಯ್ಡ್, ಮಂಡಿನೋವು ಎಲ್ಲ ಅಲ್ಲೇ ನಡೆಯುತ್ತಿದೆ.

ಒಂದೇ ಷರತ್ತು. ರಿಟೈರ್‌ಮೆಂಟ್ ಅಥವಾ ವಿಆರ್‌ಎಸ್ (ಸ್ವಯಂ ನಿವೃತ್ತಿ) ಆಗಿರಬೇಕು. ಮಧ್ಯದಲ್ಲಿ ತಾವೇ ರಾಜೀನಾಮೆ ಕೊಟ್ಟು ಬಂದಿದ್ದರೆ ಆಗುವುದಿಲ್ಲ. ಅದಕ್ಕೆ ಕಂಪನಿ ಕೊಟ್ಟ ಕಾಗದ ಬೇಕು. ಆ ಮಾಸಿದ ಕಾರ್ಡ್ ಅಂದಿರಲ್ಲ, ಅದರಲ್ಲಿ ಹತ್ತು ಅಂಕಿಯ ನಂಬರ್ ಇದೆಯಾ ನೋಡಿ.

ಹೇಮಾವತಿ ದಂಡೆ:

ಅಣ್ಣಾ, ಈಗಷ್ಟೇ ಅಪ್ಪನಿಗೆ ಫೋನ್ ಮಾಡಿ ಓದಿಸಿದೆ. ಹತ್ತು ಅಂಕಿ ಇದೆ. ಕೈ ನಡುಗುತ್ತಿದೆ ನನಗೆ. 12 ವರ್ಷದಿಂದ ಅದು ಅವರ ಜೇಬಿನಲ್ಲೇ ಇತ್ತು.

ಶನಿವಾರ ಊರಿಗೆ ಹೋಗುತ್ತಿದ್ದೇನೆ. ಹೋಗಿ ಬಂದು ಬರೆಯುತ್ತೇನೆ.

ವಾರ್ಡ್ ಸಿಸ್ಟರ್:

ಹೋಗುವಾಗ ಒಂದು ಫೈಲ್ ಮಾಡಿಡಿ ಮಗಳೇ. ಆಧಾರ್ ಜೆರಾಕ್ಸ್, ರೇಷನ್ ಕಾರ್ಡ್, ಹಳೇ ಇಸಿಜಿ, ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಯ ಚೀಟಿ. ಮಾತ್ರೆಯ ಖಾಲಿ ಸ್ಟ್ರಿಪ್ ಕೂಡ ಒಂದೊಂದು ಹಾಕಿ, ಚೀಟಿಯ ಅಕ್ಷರಕ್ಕಿಂತ ಅದು ನಮಗೆ ಬೇಗ ಅರ್ಥವಾಗುತ್ತದೆ. ಫೈಲ್ ಎಲ್ಲಿದೆ ಅಂತ ಅಮ್ಮನಿಗೂ ಪಕ್ಕದ ಮನೆಯವರಿಗೂ ಗೊತ್ತಿರಲಿ. ಮನೆಯಲ್ಲಿ ಇಬ್ಬರೇ ವಯಸ್ಸಾದವರು ಇರುವಾಗ 14567 ನಂಬರನ್ನೂ ಬರೆದಿಡಿ, ಅದು ಹಿರಿಯ ನಾಗರಿಕರ ಸಹಾಯವಾಣಿ, ಎಲ್ಡರ್‌ಲೈನ್ ಅಂತಾರೆ.

ಹೇಮಾವತಿ ದಂಡೆ:

ಹೋಗಿ ಬಂದೆ. ಎಲ್ಲರೂ ಕಾಯುತ್ತಿದ್ದೀರಿ ಅಂತ ಗೊತ್ತು, ತಡವಾಯಿತು, ಕ್ಷಮಿಸಿ.

ಅಪ್ಪನ ವಯ ವಂದನಾ ಕಾರ್ಡ್ ಆಯಿತು. ಅವರಿಗೂ ಬೆರಳು ಬರಲಿಲ್ಲ, ಸೀತಜ್ಜಿ ಮೊಮ್ಮಗ ಹೇಳಿದ ಹಾಗೆ ಮುಖ ತೋರಿಸಿದೆವು. ಆಧಾರ್‌ಗೆ ನನ್ನ ಅಣ್ಣನ ನಂಬರ್ ಸೇರಿಸಲು ಅರ್ಜಿ ಕೊಟ್ಟೆವು. ಯಶಸ್ವಿನಿಗೆ ಅಣ್ಣ ಡೇರಿಯಲ್ಲಿ ಕೇಳಿದ, ಮುಂದಿನ ಸಲ ತೆರೆದಾಗ ನಾಲ್ವರ ಹೆಸರನ್ನೂ ಬರೆಸುತ್ತಾನೆ.

ಸೋಮವಾರ ರಜೆ ಹಾಕಿ ಆಸ್ಪತ್ರೆಗೆ ಹೋದೆ, ಆರೋಗ್ಯ ಮಿತ್ರರ ಹತ್ತಿರ ಕೂತು ಕೇಳಿದೆ. ಚಿಕ್ಕ ವಯಸ್ಸಿನ ಹುಡುಗಿ, ತುಂಬಾ ತಾಳ್ಮೆಯಿಂದ ಹೇಳಿದಳು. ಸುತ್ತಮುತ್ತ ಹಾರ್ಟ್‌ಗೆ ಸೇರಿದ ಆಸ್ಪತ್ರೆ ಯಾವುದು, ಮೂಳೆಗೆ ಯಾವುದು ಅಂತ ಒಂದು ಹಾಳೆಯಲ್ಲಿ ಬರೆದುಕೊಟ್ಟಳು. ಅದನ್ನು ಅಪ್ಪನ ಮನೆಯ ಫ್ರಿಜ್ ಮೇಲೆ ಅಂಟಿಸಿದ್ದೇನೆ, ದೊಡ್ಡ ಅಕ್ಷರದಲ್ಲಿ. ಅಮ್ಮನಿಗೆ ಓದಲು ಬರುತ್ತದೆ, ಎರಡು ಸಲ ಗಟ್ಟಿಯಾಗಿ ಓದಿಸಿದೆ.

ಇಎಸ್‌ಐ ಕಾಗದಕ್ಕೆ ಪೂರ್ತಿ ಭಾನುವಾರ ಹೋಯಿತು. ಅಪ್ಪನ ಟ್ರಂಕ್ ಇಳಿಸಿದೆವು. ಮಿಲ್‌ನವರು ಕೊಟ್ಟ ಗಡಿಯಾರದ ಡಬ್ಬದಲ್ಲಿ, ನಮ್ಮ ಮಾರ್ಕ್ಸ್‌ಕಾರ್ಡ್‌ಗಳ ಕೆಳಗೆ ರಿಲೀವಿಂಗ್ ಆರ್ಡರ್ ಸಿಕ್ಕಿತು. 2014, ವಯೋನಿವೃತ್ತಿ ಅಂತ ಸ್ಪಷ್ಟವಾಗಿ ಇದೆ. ಮಡಿಕೆಯ ಜಾಗ ಹರಿದಿದೆ, ಸೀಲ್ ಓದಲು ಬರುತ್ತದೆ. ಮಂಗಳವಾರ ಇಎಸ್‌ಐ ಶಾಖಾ ಕಚೇರಿಗೆ ಹೋಗಿ ಅರ್ಜಿ ಕೊಟ್ಟೆವು. ಒಳಗಿದ್ದವರು ಕಾಗದ ನೋಡಿ, ಅಮ್ಮನ ಆಧಾರ್ ಮತ್ತು ಇಬ್ಬರ ಫೋಟೋ ಕೇಳಿದರು. ಪರಿಶೀಲನೆ ಮಾಡಿ ತಿಳಿಸುತ್ತೇವೆ ಅಂದಿದ್ದಾರೆ.

ಫೋಟೋ ತೆಗೆಸಲು ಸ್ಟುಡಿಯೋಗೆ ಹೋದಾಗ ಅಮ್ಮ ಕೇಳಿದರು, "ಇದು ನಂಗೂನಾ?" ಅಂತ. ಹೂಂ ಅಂದೆ. ಸೆರಗು ಸರಿ ಮಾಡಿಕೊಂಡು ಕೂತರು.

ಪೀಣ್ಯ ಟರ್ನರ್:

ಅರ್ಜಿ ಕೊಟ್ಟಿದ್ದಕ್ಕೆ ಸ್ವೀಕೃತಿ ತೆಗೆದುಕೊಂಡಿರಾ ಮೇಡಂ? ಇಲ್ಲದಿದ್ದರೆ ನಾಳೆಯೇ ಅಣ್ಣನನ್ನು ಕಳಿಸಿ, ಜೆರಾಕ್ಸ್ ಮೇಲೆ ತಾರೀಕು ಹಾಕಿಸಿ ಸೀಲ್ ಹೊಡೆಸಿಕೊಂಡು ಬರಲಿ.

ಹೇಮಾವತಿ ದಂಡೆ:

ತೆಗೆದುಕೊಂಡೆ ಅಣ್ಣಾ. ಫೈಲ್‌ನಲ್ಲಿ ಎಲ್ಲಕ್ಕಿಂತ ಮೇಲೆ ಇಟ್ಟಿದ್ದೇನೆ.